ವೇಷ ತೊಟ್ಟವರು ಮತ್ತು ಹೊಲಿದವರು

ನ್ಯೂಯಾರ್ಕ್ ನಗರದ ಕ್ಯಾರವಾನ್ ಹಾಲ್ ಎಂಬ ಸಭಾಂಗಣದಲ್ಲಿ 1939ರ ಜುಲೈ 2ರಿಂದ 4ರವರೆಗೆ ವಿಜ್ಞಾನ ಕಥಾಸಾಹಿತ್ಯದ ಮೊದಲ ವಿಶ್ವ ಸಮ್ಮೇಳನ ನಡೆಯಿತು. ‘ವಿಶ್ವ’ ಎಂಬ ವಿಶೇಷಣ ದೊಡ್ಡದೇ. ಸೇರಿದ್ದವರು ಮಾತ್ರ ಸುಮಾರು 200 ಮಂದಿ, ಅವರಲ್ಲಿ ಅನೇಕರು ಇನ್ನೂ ಮೀಸೆ ಬಲಿಯದ ಹುಡುಗರು. ಕೋಟು, ಟೈ ಧರಿಸಿದ್ದ ಆ ಸಭಿಕರ ನಡುವೆ ಇಬ್ಬರು ಮಾತ್ರ ಬೇರೆಯಾಗಿ ಕಾಣುತ್ತಿದ್ದರು. ಲಾಸ್ ಏಂಜಲೀಸ್‌ನಿಂದ ಬಂದಿದ್ದ 22 ವರ್ಷದ ಫಾರೆಸ್ಟ್ ಆಕರ್‌ಮನ್ ಹೆಗಲಿನಿಂದ ಹಸಿರು ಮೇಲುಹೊದಿಕೆಯನ್ನು ಇಳಿಬಿಟ್ಟುಕೊಂಡು, ಮುಂದೆಂದೋ ಬರಲಿರುವ ಶತಮಾನದ ಪ್ರಜೆಯಂತೆ ಓಡಾಡುತ್ತಿದ್ದರು. ಜತೆಗಿದ್ದ 35 ವರ್ಷದ ಮರ್ಟಲ್ ಡಗ್ಲಸ್ ಕೂಡ ಅದೇ ಶತಮಾನದ ಉಡುಪಿನಲ್ಲಿದ್ದರು. ಎರಡೂ ಉಡುಪುಗಳ ವಿನ್ಯಾಸ ಆಕೆಯದೇ, ಹೊಲಿದದ್ದೂ ಆಕೆಯೇ.

ಇಂದು ಜಗತ್ತಿನ ನಗರ ನಗರಗಳಲ್ಲಿ ಸಾವಿರಾರು ಯುವಜನರನ್ನು ಸೆಳೆಯುತ್ತಿರುವ, ‘ಕಾಸ್‌ಪ್ಲೇ’ ಎಂಬ ಹೆಸರಿನ ವೇಷವಿನೋದದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈ ಘಟನೆಯಿಂದಲೇ ಆರಂಭಿಸುತ್ತಾರೆ. ಇದಕ್ಕೂ ಹಿಂದಿನ ನಿದರ್ಶನಗಳು ಇಲ್ಲದಿಲ್ಲ. 1891ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬುಲ್ವರ್ ಲಿಟ್ಟನ್‌ರ ಕಾದಂಬರಿಯೊಂದರ ಲೋಕವನ್ನೇ ಪುನರ್ನಿರ್ಮಿಸಿ ಐದಾರು ದಿನ ಜಾತ್ರೆ ನಡೆಸಿದ್ದುಂಟು. ಆದರೆ ಅದು ಶ್ರೀಮಂತರು ಧರ್ಮಾರ್ಥ ನಿಧಿ ಕೂಡಿಸಲು ಏರ್ಪಡಿಸಿದ ಸಂಭ್ರಮ. ನ್ಯೂಯಾರ್ಕಿನ ಇಬ್ಬರು ಯಾವ ನಿಧಿಗಾಗಿಯೂ ವೇಷ ಹಾಕಿರಲಿಲ್ಲ. ತಾವು ಕಂಡು ಮೆಚ್ಚಿದ ಚಿತ್ರಗಳನ್ನು ಮೈಮೇಲೆ ತೊಡಬೇಕೆಂಬ ಆಸೆಯೊಂದೇ ಅವರನ್ನು ಅಲ್ಲಿಗೆ ಹಾಗೆ ಕರೆತಂದಿತ್ತು. ಉಳಿದವರೂ ವೇಷ ತೊಟ್ಟೇ ಬರುತ್ತಾರೆಂದು ಆಕರ್‌ಮನ್ ಭಾವಿಸಿದ್ದರಂತೆ. ಯಾರೂ ಬರಲಿಲ್ಲ.

ಅದೇ ಬೇಸಿಗೆಯಲ್ಲಿ ಅದೇ ನಗರದಲ್ಲಿ ಭವಿಷ್ಯದ ಇನ್ನೊಂದು ಪ್ರದರ್ಶನವೂ ನಡೆದಿತ್ತು. ಫ್ಲಶಿಂಗ್ ಮೆಡೋಸ್‌ನ ವಿಶ್ವಮೇಳದ ಘೋಷವಾಕ್ಯವೇ ‘ನಾಳೆಯ ಜಗತ್ತು’. ಸಮ್ಮೇಳನಕ್ಕೆ ‘ವಿಶ್ವ’ ಎಂಬ ಪದ ಅಂಟಿಕೊಂಡದ್ದೂ ಈ ಮೇಳದ ನೆರಳಿನಿಂದಲೇ. ಅಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ನಾರ್ಮನ್ ಬೆಲ್ ಗೆಡ್ಡಿಸ್ ಎಂಬ ವಿನ್ಯಾಸಕಾರರಿಂದ ‘ಫ್ಯೂಚರಾಮ’ ಎಂಬ ಬೃಹತ್ ಮಾದರಿಯನ್ನು ಕಟ್ಟಿಸಿತ್ತು. ಪ್ರೇಕ್ಷಕರು ಚಲಿಸುವ ಕುರ್ಚಿಗಳಲ್ಲಿ ಕುಳಿತು, 1960ರ ಅಮೆರಿಕ ಹೇಗಿರುತ್ತದೆಂದು ಮೇಲಿನಿಂದ ನೋಡಿಕೊಂಡು ಹೋಗಬೇಕು. ರಸ್ತೆಗಳು, ಗಗನಚುಂಬಿಗಳು, ಲೆಕ್ಕವಿಲ್ಲದಷ್ಟು ಪುಟ್ಟ ಕಾರುಗಳು. ನೋಡುಗನಿಗೆ ಮಾಡಲು ಏನೂ ಇರಲಿಲ್ಲ, ಕುರ್ಚಿ ತಾನಾಗಿಯೇ ಸಾಗುತ್ತಿತ್ತು. ಒಂದು ದೊಡ್ಡ ಕಂಪನಿ ತನ್ನ ಬಂಡವಾಳದಿಂದ ಕಟ್ಟಿದ ಭವಿಷ್ಯ ಅದು. ಕ್ಯಾರವಾನ್ ಹಾಲ್‌ಗೆ ಬಂದದ್ದು ಒಬ್ಬ ಹೆಣ್ಣುಮಗಳು ಕತ್ತರಿ, ಸೂಜಿ, ದಾರಗಳಿಂದ ಕಟ್ಟಿದ ಭವಿಷ್ಯ. ಎರಡೇ ತಿಂಗಳಲ್ಲಿ ಯುರೋಪಿನಲ್ಲಿ ಯುದ್ಧ ಆರಂಭವಾಗಿ, ಜಗತ್ತಿನ ತರುಣರು ತೊಡಬೇಕಾಗಿ ಬಂದದ್ದು ಬೇರೆ ಬಗೆಯ ಸಮವಸ್ತ್ರವನ್ನು ಎಂಬುದು ಚರಿತ್ರೆಯ ಕ್ರೂರ ವ್ಯಂಗ್ಯ.

ವೇಷವಿನೋದವನ್ನು ಮಕ್ಕಳಾಟವೆಂದು, ದುಂದುವೆಚ್ಚವೆಂದು, ಬೇರೆ ಸಂಸ್ಕೃತಿಯ ಅಂಧಾನುಕರಣೆಯೆಂದು ತಳ್ಳಿಹಾಕುವ ಹಿರಿಯರು ನನ್ನ ವಯೋಮಾನದವರಲ್ಲಿ ಬಹಳ ಮಂದಿ ಇದ್ದಾರೆ. ಅವರೊಡನೆ ನನಗೆ ಭಿನ್ನಾಭಿಪ್ರಾಯವಿದೆ. ಆ ಆರಂಭಿಕ ವೇಷಾಭಿಮಾನಿಗಳು ಮಾಡಿದ್ದು ಚಿತ್ರಕಲೆಯನ್ನು ಆಸ್ವಾದಿಸುವ ಒಂದು ಗಂಭೀರವಾದ ವಿಧಾನವೆಂದೇ ನನ್ನ ವಾದ. ಇಂದು ಆ ವಿನೋದಕ್ಕೆ ಅಪಾಯವಿರುವುದು ಅದನ್ನು ಹೀಗಳೆಯುವವರಿಂದಲ್ಲ, ಅದರಿಂದ ಕೈಕೆಲಸವನ್ನು ಕಳಚಿಬಿಟ್ಟು ಉಳಿದುದನ್ನು ಮಾರುವವರಿಂದ.

ಆ ಉಡುಪುಗಳಿಗೆ ಪ್ರೇರಣೆಯಾದ ಚಿತ್ರಗಳ ಬಗ್ಗೆ ಒಂದಿಷ್ಟು ಹೇಳಬೇಕು. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯನ್ನು ಆರಂಭಿಸಿದಾಗ ಅದರ ಮುಖಪುಟ ಬರೆದವರು ಫ್ರಾಂಕ್ ಆರ್. ಪಾಲ್. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ ಇವರು ಕಟ್ಟಡಗಳ ನಕ್ಷೆ ತಯಾರಿಕೆಯಲ್ಲಿ ತರಬೇತಿ ಪಡೆದವರು. ಮೊದಲ ಸಂಚಿಕೆಯ ಮುಖಪುಟದಲ್ಲಿ ಆಕಾಶದ ತುಂಬ ಶನಿಗ್ರಹ, ಕೆಳಗೆ ಮಂಜುಗಡ್ಡೆಯ ಮೇಲೆ ಜಾರಾಡುತ್ತಿರುವ ಪುಟ್ಟ ಮನುಷ್ಯರು. ಮರುವರ್ಷ ಆಗಸ್ಟ್ ಸಂಚಿಕೆಗೆ ವೆಲ್ಸ್‌ನ ಮಂಗಳವಾಸಿಗಳ ಮೂರು ಕಾಲಿನ ಯಂತ್ರಗಳನ್ನು ಬರೆದರು. ಕೆಂಪು, ಹಳದಿ, ನೀಲಿಗಳ ಕಣ್ಣು ಕೋರೈಸುವ ಬಣ್ಣಗಾರಿಕೆ ಅವರದು. ನಗರ, ಯಂತ್ರ, ಅನ್ಯಲೋಕದ ಜೀವಿ ಇವುಗಳನ್ನು ಬರೆಯುವುದರಲ್ಲಿ ಪಾಲ್ ಅಸಾಧಾರಣರು. ಮನುಷ್ಯರನ್ನು ಬರೆಯುವುದರಲ್ಲಿ ಅಷ್ಟಕ್ಕಷ್ಟೆ. ಅವರ ಮನುಷ್ಯರು ಅಂಗಡಿ ಮುಂದಿನ ಗೊಂಬೆಗಳಂತೆ ಬಿಗಿದುಕೊಂಡು ನಿಂತಿರುತ್ತಾರೆ. ಗಂಭೀರ ಕಲಾವಿಮರ್ಶಕರು ಅಗ್ಗದ ಕಾಗದದ ಈ ಪತ್ರಿಕೆಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಆದರೆ ಓದುಗರಿಗೆ ಅವರ ಬೆಲೆ ತಿಳಿದಿತ್ತು. 1939ರ ಸಮ್ಮೇಳನಕ್ಕೆ ಗೌರವ ಅತಿಥಿಯಾಗಿ ಅವರು ಕರೆದದ್ದು ಒಬ್ಬ ಲೇಖಕನನ್ನಲ್ಲ, ಈ ಚಿತ್ರಕಾರನನ್ನು. ಸಾಹಿತ್ಯ ಸಮ್ಮೇಳನವೊಂದು ಮುಖಪುಟ ಬರೆದವನಿಗೆ ಇಂಥ ಗೌರವ ಕೊಟ್ಟ ಉದಾಹರಣೆಗಳು ಎಲ್ಲ ಭಾಷೆಗಳಲ್ಲೂ ಅಪರೂಪ.

ಇನ್ನೊಂದು ಪ್ರೇರಣೆ 1936ರಲ್ಲಿ ಬಿಡುಗಡೆಯಾದ ‘ಥಿಂಗ್ಸ್ ಟು ಕಮ್’ ಚಲನಚಿತ್ರ. ಎಚ್.ಜಿ. ವೆಲ್ಸ್ ಬರೆದ ಚಿತ್ರಕಥೆ, ಅಲೆಕ್ಸಾಂಡರ್ ಕೋರ್ಡಾ ನಿರ್ಮಾಣ, ವಿಲಿಯಂ ಕ್ಯಾಮರನ್ ಮೆಂಝೀಸ್ ನಿರ್ದೇಶನ. ಅಗಲ ಭುಜಪಟ್ಟಿ, ಮೊಣಕಾಲಿನ ಮೇಲೆ ನಿಲ್ಲುವ ಅಂಗಿ, ಬೆನ್ನ ಹಿಂದೆ ಹಾರಾಡುವ ಹೊದಿಕೆ, ಇವು ಆ ಚಿತ್ರದ 2036ನೇ ಇಸವಿಯ ಪ್ರಜೆಗಳ ಉಡುಪು. ವಸ್ತ್ರವಿನ್ಯಾಸ ಮಾಡಿದ ಮೂವರಲ್ಲಿ ಜಾನ್ ಆರ್ಮ್‌ಸ್ಟ್ರಾಂಗ್ ಮತ್ತು ಕ್ಯಾಥ್ಲೀನ್ ಮಾನ್ ಇಬ್ಬರೂ ಇಂಗ್ಲೆಂಡಿನ ಹೆಸರಾಂತ ವರ್ಣಚಿತ್ರಕಾರರೆಂಬುದು ಗಮನಾರ್ಹ. ಅಂದರೆ ಚಿತ್ರಕಾರನ ಕುಂಚದಿಂದ ಹೊರಟ ಕಲ್ಪನೆ ಬೆಳ್ಳಿತೆರೆಗೆ ಬಂದು, ಅಲ್ಲಿಂದ ಲಾಸ್ ಏಂಜಲೀಸ್‌ನ ಒಂದು ಸಾಧಾರಣ ಮನೆಯ ಹೊಲಿಗೆಯ ಮೇಜಿಗೆ ಇಳಿಯಿತು.

ಅಲ್ಲಿ ಆಗುವುದೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮುಖಪುಟದ ಚಿತ್ರಕ್ಕೆ ಬೆನ್ನಿಲ್ಲ. ಪಾಲ್ ಬರೆದ ಅಂತರಿಕ್ಷಯಾತ್ರಿ ನಮ್ಮತ್ತ ಮುಖ ಮಾಡಿ ನಿಂತಿದ್ದಾನೆ. ಅವನ ಅಂಗಿಯ ಹಿಂಭಾಗ ಹೇಗಿದೆ, ಗುಂಡಿಗಳು ಎಲ್ಲಿವೆ, ಕಂಕುಳ ಬಳಿ ಬಟ್ಟೆ ಎಷ್ಟು ಸಡಿಲವಿದೆ, ಅವನು ಕುಳಿತರೆ ಆ ಬಿರುಸಾದ ಭುಜಪಟ್ಟಿ ಕಿವಿಗೆ ತಾಗುತ್ತದೆಯೇ ಎಂಬುದನ್ನು ಚಿತ್ರಕಾರ ಹೇಳಿಲ್ಲ. ಹೇಳಬೇಕಾದ ಅಗತ್ಯವೂ ಅವನಿಗಿರಲಿಲ್ಲ. ಸುಮ್ಮನೆ ನೋಡುವವರಿಗೆ ಈ ಪ್ರಶ್ನೆಗಳೇ ಹುಟ್ಟುವುದಿಲ್ಲ. ಹೊಲಿಯಲು ಕುಳಿತವರಿಗೆ ಮೊದಲ ಕತ್ತರಿ ಹಾಕುವ ಮುನ್ನವೇ ಇವೆಲ್ಲ ಎದುರಾಗುತ್ತವೆ. ಹೊದಿಕೆ ಗಾಳಿಗೆ ಹಾರಬೇಕಾದರೆ ಬಟ್ಟೆ ಹಗುರವಿರಬೇಕು, ನಿಂತಾಗ ನೆರಿಗೆ ಬಿಡಿಸಿಕೊಂಡು ಇಳಿಯಬೇಕಾದರೆ ತೂಕವಿರಬೇಕು. ಎರಡೂ ಒಂದೇ ಬಟ್ಟೆಯಲ್ಲಿ ಸಿಗುವುದಿಲ್ಲ. ಚಿತ್ರಕಾರ ಒಂದು ಗೆರೆಯಲ್ಲಿ ಮುಗಿಸಿದ್ದನ್ನು ಇಲ್ಲಿ ಅಸ್ತರು ಹಾಕಿ, ಕಚ್ಚಾ ಹೊಲಿಗೆ ಹಾಕಿ, ತೊಟ್ಟು ನೋಡಿ, ಬಿಚ್ಚಿ, ಮತ್ತೆ ಹೊಲಿದು ಸಾಧಿಸಬೇಕು. ಇಷ್ಟು ಮಾಡಿದವರು ಆ ಚಿತ್ರವನ್ನು ನೋಡಿರುವಷ್ಟು ಹತ್ತಿರದಿಂದ ಯಾವ ವಿಮರ್ಶಕ ನೋಡಿರುತ್ತಾನೆ? ಕಲಾಶಾಲೆಗಳಲ್ಲಿ ಹಳೆಯ ಗುರುಗಳ ಚಿತ್ರಗಳನ್ನು ನಕಲು ಮಾಡಿಸುವ ಪದ್ಧತಿಯಿದೆ. ನಕಲು ಮಾಡುವಾಗಲೇ ಕಣ್ಣು ತೆರೆಯುತ್ತದೆಂಬುದು ಅದರ ಹಿಂದಿನ ತಿಳಿವಳಿಕೆ. ಬಟ್ಟೆಯಲ್ಲಿ ಮಾಡಿದ ನಕಲಿಗೂ ಈ ಮಾತು ಸಲ್ಲುತ್ತದೆ. ಇಲ್ಲಿ ಹೆಚ್ಚುವರಿಯಾಗಿ, ನಕಲು ನಡೆದಾಡಬೇಕು ಕೂಡ.

ಆ ಅಭಿಮಾನಿಗಳ ವಲಯದಲ್ಲಿ ಚಿತ್ರಕಲೆಯ ಬಗ್ಗೆ ಇದ್ದ ಹಂಬಲಕ್ಕೆ ಇನ್ನೊಂದು ಪ್ರಸಂಗವನ್ನೂ ಹೇಳಬಹುದು. ಅದೇ ಸಮ್ಮೇಳನಕ್ಕೆ 18 ವರ್ಷದ ರೇ ಬ್ರಾಡ್‌ಬರಿ ಲಾಸ್ ಏಂಜಲೀಸ್‌ನಿಂದ ಬಸ್ಸಿನಲ್ಲಿ ಬಂದರು. ಪ್ರಯಾಣದ ಹಣವನ್ನು ಸಾಲವಾಗಿ ಕೊಟ್ಟವರು ಆಕರ್‌ಮನ್. ಮುಂದೆ ವಿಶ್ವಖ್ಯಾತ ಲೇಖಕರಾದ ಬ್ರಾಡ್‌ಬರಿ ಅಂದು ತಂದದ್ದು ತಮ್ಮ ಕಥೆಗಳನ್ನಷ್ಟೇ ಅಲ್ಲ. ಹ್ಯಾನಸ್ ಬಾಕ್ ಎಂಬ ಬಡ ಕಲಾವಿದ ಗೆಳೆಯನ ಚಿತ್ರಗಳನ್ನು ಜತೆಗೆ ಹೊತ್ತು ತಂದು ‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಸಂಪಾದಕರಿಗೆ ತೋರಿಸಿದರು. ಆ ವರ್ಷದ ಡಿಸೆಂಬರ್ ಸಂಚಿಕೆಯ ಮುಖಪುಟ ಬಾಕ್ ಅವರದಾಯಿತು. ಅಮೆರಿಕದಲ್ಲಿ ದುಡಿಯಬಲ್ಲವರಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ಕೆಲಸವಿಲ್ಲದಿದ್ದ ವರ್ಷ ಅದು. ಸಾಲ ಮಾಡಿ ಬಸ್ಸು ಹತ್ತಿದ ಹುಡುಗ ತನ್ನ ಗಂಟಿನ ಜತೆ ಗೆಳೆಯನ ಚಿತ್ರಗಳಿಗೂ ಜಾಗ ಮಾಡಿದ್ದು ಸಣ್ಣ ಸಂಗತಿಯಲ್ಲ.

ಮರುವರ್ಷ ಚಿಕಾಗೋದಲ್ಲಿ ಎರಡನೆಯ ಸಮ್ಮೇಳನ ನಡೆದಾಗ ವೇಷದ ಕೂಟವೇ ಅಧಿಕೃತವಾಗಿ ಏರ್ಪಾಡಾಯಿತು. ಆಕರ್‌ಮನ್ ಮತ್ತು ಡಗ್ಲಸ್ ತಮ್ಮ ಉಡುಪುಗಳಲ್ಲಿ ‘ಥಿಂಗ್ಸ್ ಟು ಕಮ್’ ಚಿತ್ರದ ದೃಶ್ಯವೊಂದನ್ನು ಅಭಿನಯಿಸಿದರು. ಬಹುಮಾನ ಪಡೆದವರು ‘ಫ್ಲ್ಯಾಶ್ ಗಾರ್ಡನ್’ ಚಿತ್ರಕಥೆಯ ಖಳ, ಚಕ್ರವರ್ತಿ ಮಿಂಗ್‌ನ ವೇಷ ಧರಿಸಿದ್ದ ಡೇವಿಡ್ ಕೈಲ್. ಆದರೆ ಆ ವೇಷವನ್ನು ತಯಾರಿಸಿದವರು ಲೆಸ್ಲಿ ಪೆರಿ ಎಂಬ ಮಹಿಳೆ. 1941ರಲ್ಲಿ ಡೆನ್ವರ್‌ನಲ್ಲಿ ಡಗ್ಲಸ್ ಕಪ್ಪೆಮುಖದ ಜೀವಿಯೊಂದರ ಮುಖವಾಡ ಧರಿಸಿ ಬಂದರು. ಎ. ಮೆರಿಟ್‌ರ ‘ದಿ ಮೂನ್ ಪೂಲ್’ ಕಾದಂಬರಿಯ ಜೀವಿ ಅದು. ಮುಖವಾಡ ಮಾಡಿಕೊಟ್ಟವರು ಅಂದು ಇಪ್ಪತ್ತೊಂದರ ಆಸುಪಾಸಿನ ತರುಣರಾಗಿದ್ದ ರೇ ಹ್ಯಾರಿಹೌಸನ್. ಪುಟ್ಟ ಗೊಂಬೆಗಳನ್ನು ಒಂದೊಂದೇ ಚೌಕಟ್ಟಿಗೆ ಕದಲಿಸಿ ತೆರೆಯ ಮೇಲೆ ರಾಕ್ಷಸರನ್ನೂ ಅಸ್ಥಿಪಂಜರಗಳನ್ನೂ ಕುಣಿಸಿದ ಮಹಾನ್ ಕುಶಲಕರ್ಮಿ. ಆಮೇಲೆ ಯುದ್ಧದ ಕಾರಣ 1946ರವರೆಗೆ ಸಮ್ಮೇಳನಗಳೇ ನಡೆಯಲಿಲ್ಲ.

ಈ ಮೂರು ವರ್ಷಗಳ ಕಥೆಯಲ್ಲಿ ಒಂದು ಅನ್ಯಾಯವೂ ಅಡಗಿದೆ. ಆಕರ್‌ಮನ್ 1958ರಲ್ಲಿ ಆರಂಭವಾದ ಭಯಾನಕ ಚಲನಚಿತ್ರಗಳ ಪತ್ರಿಕೆಯೊಂದರ ಸಂಪಾದಕರಾಗಿ ಬಹು ಪ್ರಸಿದ್ಧರಾದರು, 2008ರವರೆಗೆ ಬದುಕಿದರು. ಮೊದಲ ವೇಷಾಭಿಮಾನಿ ಎಂಬ ಕೀರ್ತಿ ದಶಕಗಳ ಕಾಲ ಅವರ ಹೆಸರಿಗೇ ಸಂದಿತು. ಗೆಳೆಯರ ವಲಯದಲ್ಲಿ ‘ಮೊರೋಜೊ’ ಎಂಬ ಎಸ್ಪೆರಾಂಟೊ ಹೆಸರಿನಿಂದ ಪರಿಚಿತರಾಗಿದ್ದ ಮರ್ಟಲ್ ಡಗ್ಲಸ್ 1964ರಲ್ಲಿ ತೀರಿಕೊಂಡರು. ಆಕರ್‌ಮನ್ ಒಂದು ಕಿರುಹೊತ್ತಗೆ ಹೊರತಂದು ಆಕೆಯನ್ನು ಸ್ಮರಿಸಿದರೆಂಬುದು ನಿಜ. ಆದರೂ ಅವರ ಮೈಮೇಲಿದ್ದ ಹಸಿರು ಹೊದಿಕೆ ಯಾರ ಬುದ್ಧಿ, ಯಾರ ಬೆರಳುಗಳ ಫಲವೆಂದು ಚರಿತ್ರೆ ಬರೆಯುವವರು ಕೇಳಿಕೊಂಡದ್ದು ಬಹಳ ತಡವಾಗಿ. ಕೈಲ್ ಗೆದ್ದರು ಎನ್ನುವ ದಾಖಲೆಯ ಕೆಳಗೆ ಪೆರಿ ಹೊಲಿದರು ಎಂಬುದು ಅಡಿಟಿಪ್ಪಣಿ. ಹಾಗೆ ನೋಡಿದರೆ ಇದು ಅಮೆರಿಕದ ಅಭಿಮಾನಿ ಬಳಗಕ್ಕಷ್ಟೇ ಸೀಮಿತವಾದ ದೋಷವಲ್ಲ. ಮನೆಯೊಳಗಿನ ಹೊಲಿಗೆ ಹೆಂಗಸರ ಕೆಲಸ, ಆದ್ದರಿಂದ ಅದು ಕೆಲಸವೇ ಅಲ್ಲ ಎಂಬ ತರ್ಕ ಜಗತ್ತಿನ ಎಲ್ಲೆಡೆಯೂ ಇದೆ. ರಾಷ್ಟ್ರೀಯ ವರಮಾನದ ಅಂತರರಾಷ್ಟ್ರೀಯ ಲೆಕ್ಕಪದ್ಧತಿಯ 1993ರ ಆವೃತ್ತಿಯು ಸ್ವಂತ ಬಳಕೆಗಾಗಿ ಮನೆಯಲ್ಲಿ ತಯಾರಿಸಿದ ವಸ್ತುಗಳನ್ನೂ ಉತ್ಪಾದನೆಯೆಂದೇ ಪರಿಗಣಿಸಬೇಕೆನ್ನುತ್ತದೆ. ಮನೆಯಲ್ಲಿ ಹೊಲಿದ ಅಂಗಿ ತತ್ತ್ವತಃ ಲೆಕ್ಕಕ್ಕೆ ಬರುತ್ತದೆ. ಲೆಕ್ಕ ಹಾಕಲು ಯಾರ ಮನೆಯ ಬಾಗಿಲನ್ನು ಯಾವ ಗುಮಾಸ್ತ ತಟ್ಟಬೇಕು ಎಂಬುದು ಬೇರೆ ಮಾತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವರಿಗೆ ಇಲ್ಲಿ ಥಾರ್‌ಸ್ಟೈನ್ ವೆಬ್ಲನ್ ನೆನಪಾಗದಿರುವುದಿಲ್ಲ. 1899ರಲ್ಲಿ ವಿರಾಮಜೀವಿ ವರ್ಗದ ಬಗ್ಗೆ ಬರೆದ ಪುಸ್ತಕದಲ್ಲಿ ಆತ ಉಡುಪಿಗೇ ಒಂದು ಅಧ್ಯಾಯ ಮೀಸಲಿಟ್ಟ. ನಮ್ಮ ಹಣದ ಬಲವನ್ನು ಎದುರಿಗೆ ಬಂದವರಿಗೆಲ್ಲ ಒಂದೇ ನೋಟದಲ್ಲಿ ತಿಳಿಸಲು ಬಟ್ಟೆಗಿಂತ ಸೂಕ್ತವಾದ ಸಾಧನವಿಲ್ಲ ಎಂಬುದು ಅವನ ಪ್ರತಿಪಾದನೆ. ಅದೇ ವೆಬ್ಲನ್ 1914ರಲ್ಲಿ ಬರೆದ ಇನ್ನೊಂದು ಪುಸ್ತಕದ ವಿಷಯ ಮನುಷ್ಯನಲ್ಲಿ ಸಹಜವಾಗಿರುವ ಕಸುಬುದಾರಿಕೆಯ ಪ್ರವೃತ್ತಿ, ಅಂದರೆ ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬ ಒಳತುಡಿತ. ನಮ್ಮ ಮದುವೆ ಮನೆಯ ಜರತಾರಿ ಸೀರೆ ಮೊದಲ ಪುಸ್ತಕಕ್ಕೆ ಉದಾಹರಣೆಯಾದರೆ, ಡಗ್ಲಸ್‌ರ ಹಸಿರು ಹೊದಿಕೆ ಎರಡನೆಯದಕ್ಕೆ ಸೇರುತ್ತದೆ. ಆ ಉಡುಪು ಧರಿಸಿ ನ್ಯೂಯಾರ್ಕಿನ ಬೀದಿಯಲ್ಲಿ ನಡೆದ ಆಕರ್‌ಮನ್‌ರನ್ನು ಕಂಡು ಮಕ್ಕಳು ಕಾಮಿಕ್ ನಾಯಕರ ಹೆಸರು ಕೂಗಿದರಂತೆ. ಇವರು ಎಷ್ಟು ಹಣವುಳ್ಳವರು ಎಂದು ಯಾರೂ ಅಳೆದಿರಲಾರರು.

ಆದರೆ ವೆಬ್ಲನ್ ಸುಲಭವಾಗಿ ಬಿಡುವವನಲ್ಲ. ರಸ್ಕಿನ್, ವಿಲಿಯಂ ಮಾರಿಸ್ ಅವರಂಥ ಕರಕುಶಲ ಪ್ರತಿಪಾದಕರನ್ನು ಆತ ಗೇಲಿ ಮಾಡಿದ್ದಾನೆ. ಯಂತ್ರದಿಂದ ಎಲ್ಲವೂ ಅಗ್ಗವಾದ ಮೇಲೆ ಕೈಯಿಂದ ಮಾಡಿದ್ದರಲ್ಲಿನ ಓರೆಕೋರೆಗಳೇ ದುಬಾರಿಯ ಗುರುತಾಗಿ, ಅದನ್ನೂ ಉಳ್ಳವರು ಪ್ರತಿಷ್ಠೆಗಾಗಿ ಕೊಳ್ಳುತ್ತಾರೆ ಎಂದು ಅವನ ಆಕ್ಷೇಪ. ಮಹಾನಗರಗಳ ಮಳಿಗೆಗಳಲ್ಲಿ ‘ಕೈಮಗ್ಗ’, ‘ಕೈತಯಾರಿ’ ಎಂಬ ಚೀಟಿ ಅಂಟಿಸಿಕೊಂಡು ಮೂರು ಪಟ್ಟು ಬೆಲೆಗೆ ಕುಳಿತಿರುವ ವಸ್ತುಗಳನ್ನು ನೋಡಿದರೆ ಅವನ ಮಾತನ್ನು ಅಲ್ಲಗಳೆಯುವುದು ಕಷ್ಟ. ಹೀಗಾಗಿ ‘ಕೈಯಿಂದ ಮಾಡಿದ್ದು’ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಪೂಜಿಸಬೇಕಾಗಿಲ್ಲ. ಹೊಲಿದ ಡಗ್ಲಸ್‌ಗೆ ಅದರಿಂದ ಏನು ದೊರಕಿತು ಎಂಬುದು ನನಗೆ ಮುಖ್ಯವಾದ ಪ್ರಶ್ನೆ.

ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಟಿಬೋರ್ ಸ್ಕಿಟೋವ್‌ಸ್ಕಿ ಎಂಬ ಅರ್ಥಶಾಸ್ತ್ರಜ್ಞ ಇದಕ್ಕೆ ಉತ್ತರ ಕೊಡುತ್ತಾನೆ. 1976ರಲ್ಲಿ ಪ್ರಕಟವಾದ ‘ದಿ ಜಾಯ್‌ಲೆಸ್ ಎಕಾನಮಿ’ ಎಂಬ ಅವನ ಪುಸ್ತಕವನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದಿಸುವುದು ಕಡಿಮೆ, ಓದಿಸಬೇಕಿತ್ತು. ಸೌಕರ್ಯ ಬೇರೆ, ಆನಂದ ಬೇರೆ ಎಂಬುದು ಅವನ ಮುಖ್ಯ ಪ್ರತಿಪಾದನೆ. ಸೌಕರ್ಯವನ್ನು ಹಣ ಕೊಟ್ಟು ಕೊಳ್ಳಬಹುದು, ಅದಕ್ಕೆ ಯಾವ ತರಬೇತಿಯೂ ಬೇಡ. ಸಂಗೀತ, ಚಿತ್ರಕಲೆ, ಸಂಭಾಷಣೆ ಮುಂತಾದವುಗಳಿಂದ ದೊರೆಯುವ ಆನಂದಕ್ಕೆ ಮಾತ್ರ ಅನುಭೋಗಿಯೂ ಕಲಿತಿರಬೇಕು. ಕಲಿಕೆ ಶ್ರಮದಾಯಕವಾದ್ದರಿಂದ ಸಿರಿವಂತ ಸಮಾಜಗಳು ಸೌಕರ್ಯವನ್ನೇ ಹೆಚ್ಚು ಹೆಚ್ಚಾಗಿ ಕೊಂಡು, ಕೊನೆಗೆ ಬೇಸರದಿಂದ ಆಕಳಿಸುತ್ತವೆ. ‘ಫ್ಯೂಚರಾಮ’ದ ಚಲಿಸುವ ಕುರ್ಚಿ ಸೌಕರ್ಯ. ಮುಖಪುಟವನ್ನು ಗೋಡೆಗೆ ಚುಚ್ಚಿಟ್ಟು, ಆ ಭುಜಪಟ್ಟಿ ಹೇಗೆ ನಿಂತಿದೆಯೆಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಆನಂದ.

ಈ ಬಗೆಯ ಕಲಿತ ಕಣ್ಣುಗಳು ಮುಂದಿನ ದಶಕಗಳಲ್ಲಿ ಎಂಥ ಸಾಹಸಗಳನ್ನು ಮಾಡಿದವೆಂಬುದಕ್ಕೆ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳು ಸಾಕ್ಷಿ. ಧಾರಾವಾಹಿ ಪ್ರಸಾರವಾದದ್ದು 1966ರಿಂದ 1969ರವರೆಗೆ. ಮನೆಮನೆಗೆ ವಿಡಿಯೊ ರೆಕಾರ್ಡರ್ ಬಂದದ್ದು 1970ರ ದಶಕದ ಉತ್ತರಾರ್ಧದಲ್ಲಿ. ದೃಶ್ಯವನ್ನು ನಿಲ್ಲಿಸಿ ನೋಡುವ ಸೌಲಭ್ಯವೇ ಇಲ್ಲದಿದ್ದಾಗ ಜನ ಮರುಪ್ರಸಾರಕ್ಕೆ ಕಾದು ಕುಳಿತು, ತೋಳಿನ ಪಟ್ಟಿಗಳನ್ನು ಎಣಿಸಿ, ಕಾಗದದ ಮೇಲೆ ಗೀಚಿಕೊಂಡು, ನೆನಪಿನಿಂದ ಸಮವಸ್ತ್ರ ಹೊಲಿದರು. ನೌಕಾಧಿಪತಿಯ ಅಂಗಿ ತೆರೆಯ ಮೇಲೆ ಬಂಗಾರದ ಬಣ್ಣದ್ದಾಗಿ ಕಾಣುತ್ತಿತ್ತು. ವಾಸ್ತವದಲ್ಲಿ ವಸ್ತ್ರವಿನ್ಯಾಸಕಾರ ವಿಲಿಯಂ ವೇರ್ ಥೀಸ್ ಆರಿಸಿದ್ದ ಬಟ್ಟೆ ಹಸಿರು ಛಾಯೆಯದು, ಸ್ಟುಡಿಯೊದ ದೀಪಗಳಡಿ ಅದು ಬಂಗಾರವಾಗುತ್ತಿತ್ತು. ನಿಜವಾದ ಅಂಗಿಗೆ ನಿಷ್ಠೆ ತೋರಬೇಕೇ, ಕಣ್ಣಿಗೆ ಕಂಡ ಚಿತ್ರಕ್ಕೆ ತೋರಬೇಕೇ? ಬಣ್ಣ, ಬೆಳಕುಗಳ ಸಂಬಂಧವನ್ನು ಕುರಿತ ಈ ಪ್ರಶ್ನೆಗೆ ಯುರೋಪಿನ ಚಿತ್ರಕಾರರು ಒಂದು ಶತಮಾನವನ್ನೇ ವ್ಯಯಿಸಿದ್ದಾರೆ. ಇಲ್ಲಿ ಅದು ಬಟ್ಟೆ ಅಂಗಡಿಯ ಗಲ್ಲೆಯ ಮುಂದೆ ಎದ್ದು ನಿಂತಿತ್ತು.

ಚಿತ್ರಕಲೆಯ ನಂಟನ್ನು ಸಮ್ಮೇಳನಗಳು ಆಗಲೂ ಬಿಟ್ಟಿರಲಿಲ್ಲ. 1960ರಲ್ಲಿ ಪಿಟ್ಸ್‌ಬರ್ಗ್‌ನ ವಿಶ್ವ ಸಮ್ಮೇಳನದಲ್ಲಿ ಮೊದಲ ಬಾರಿಗೆ ವ್ಯವಸ್ಥಿತ ಕಲಾಪ್ರದರ್ಶನ ಏರ್ಪಡಿಸಿದ ಬ್ಯೋ ಟ್ರಿಂಬಲ್ ಸ್ವತಃ ವೇಷಕೂಟಗಳ ಉತ್ಸಾಹಿ. ಅತಿರೇಕಗಳೂ ನಡೆದವು. 1972ರ ಲಾಸ್ ಏಂಜಲೀಸ್ ಸಮ್ಮೇಳನದಲ್ಲಿ ಸ್ಕಾಟ್ ಶಾ ಎಂಬ ವ್ಯಂಗ್ಯಚಿತ್ರಕಾರ ತಾನೇ ಸೃಷ್ಟಿಸಿದ, ಹೆಸರನ್ನು ಇಲ್ಲಿ ಬರೆಯಲಾಗದಂಥ ಪಾತ್ರವೊಂದರ ವೇಷಕ್ಕಾಗಿ ಮೈಗೆಲ್ಲ ಪೀನಟ್ ಬಟರ್ ಬಳಿದುಕೊಂಡು ಬಂದ. ದೀಪಗಳ ಶಾಖಕ್ಕೆ ಅದು ಕೆಟ್ಟ ವಾಸನೆ ಹೊಡೆಯತೊಡಗಿತು, ಅಕ್ಕಪಕ್ಕದವರ ಉಡುಪುಗಳಿಗೂ ಮೆತ್ತಿಕೊಂಡಿತು. ಅಂದಿನಿಂದ ವೇಷ ಸ್ಪರ್ಧೆಗಳ ನಿಯಮಾವಳಿಯಲ್ಲಿ ‘ಪೀನಟ್ ಬಟರ್ ನಿಷಿದ್ಧ’ ಎಂಬ ಕಲಮು ಸೇರಿತು. ನಿಯಮಗಳನ್ನು ಓದುವುದರಲ್ಲೇ ವೃತ್ತಿಜೀವನ ಕಳೆದ ನನಗೆ ಈ ಕಲಮು ಬಹಳ ಪ್ರಿಯ. ಯಾವ ನಿಯಮವನ್ನು ಕಂಡರೂ ಅದರ ಹಿಂದೆ ಯಾವನೋ ಮಹಾನುಭಾವ ಇದ್ದಿರಲೇಬೇಕು.

ಜಪಾನಿನಲ್ಲೂ ಆರಂಭ ಒಂದು ಮುಖಪುಟದಿಂದಲೇ ಆದದ್ದು ಕುತೂಹಲಕರ. 1978ರಲ್ಲಿ ಹಾಕೋನೆಯ ಆಶಿ ಸರೋವರದ ಬಳಿ ನಡೆದ ವಿಜ್ಞಾನ ಕಥಾ ಸಮ್ಮೇಳನಕ್ಕೆ, ಮುಂದೆ ಪ್ರಸಿದ್ಧ ವಿಮರ್ಶಕಿಯಾದ ಮಾರಿ ಕೋಟಾನಿ ಎಡ್ಗರ್ ರೈಸ್ ಬರೋಸ್‌ರ ಮಂಗಳಗ್ರಹದ ಕಾದಂಬರಿಯೊಂದರ ಮುಖಪುಟ ಚಿತ್ರವನ್ನು ಆಧರಿಸಿದ ಉಡುಪು ಧರಿಸಿ ಹೋದರು. ಕಂಡವರು ಅದನ್ನು ತೆಝುಕಾ ಅವರ ಅನಿಮೇಷನ್ ನಾಯಕ ಟ್ರೈಟನ್‌ನ ವೇಷವೆಂದೇ ಭಾವಿಸಿದರು. ಅಲ್ಲವೆಂದರೂ ಯಾರೂ ಕೇಳಲಿಲ್ಲ. ಟ್ರೈಟನ್‌ನ ಹೆಸರಿನಲ್ಲೇ ಆ ವೇಷ ಜಪಾನಿನ ಕಾಸ್‌ಪ್ಲೇ ಚರಿತ್ರೆಯಲ್ಲಿ ದಾಖಲಾಯಿತು. ವೇಷ, ಆಟ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಕತ್ತರಿಸಿ ಜೋಡಿಸಿ ನೊಬುಯುಕಿ ತಕಾಹಾಶಿ ಎಂಬ ಪತ್ರಕರ್ತ ಈ ಹೊಸ ಹೆಸರನ್ನು ಟಂಕಿಸಿದ್ದು 1983ರಲ್ಲಿ.

ಅಷ್ಟರಲ್ಲಿ ಅಮೆರಿಕದ ವೇಷಕೂಟಗಳು ಹಳೆಯ ಅನ್ಯಾಯಕ್ಕೆ ತಕ್ಕಮಟ್ಟಿನ ಪರಿಹಾರವನ್ನೂ ಕಂಡುಕೊಳ್ಳುತ್ತಿದ್ದವು. ಹೊಸಬರು ನುರಿತವರೊಡನೆ ಸೆಣಸಬೇಕಾಗದಂತೆ ಕೌಶಲಕ್ಕನುಗುಣವಾಗಿ ವರ್ಗಗಳಾದವು. ವೇದಿಕೆಯ ಮೇಲಿನ ಪ್ರದರ್ಶನಕ್ಕೆ ಒಂದು ತೀರ್ಪು, ತೆರೆಮರೆಯಲ್ಲಿ ಹೊಲಿಗೆಯನ್ನು ಒಳಹೊರಗು ತಿರುಗಿಸಿ ನೋಡಿ ಕೊಡುವ ತೀರ್ಪು ಇನ್ನೊಂದು. ವಿನ್ಯಾಸ ಯಾರದು, ತಯಾರಿ ಯಾರದು, ಧರಿಸಿದವರು ಯಾರು ಎಂದು ಬೇರೆ ಬೇರೆಯಾಗಿ ಘೋಷಿಸುವ ರೂಢಿಯೂ ಬಂತು. ಇವನ್ನು ಯಾವ ಸರ್ಕಾರವೂ ವಿಧಿಸಲಿಲ್ಲ, ಹವ್ಯಾಸಿಗಳು ತಾವೇ ಜಗಳವಾಡಿ ರೂಪಿಸಿಕೊಂಡರು.

ಈ ವಿನೋದ 2012ರಲ್ಲಿ ಬೆಂಗಳೂರಿಗೂ ಬಂತು. ಅಂದು ಇಲ್ಲಿ ನಡೆದ ಮೊದಲ ಕಾಮಿಕ್ ಕಾನ್‌ನಿಂದೀಚೆಗೆ ವೇಷಧಾರಿಗಳ ಸಂಖ್ಯೆಯೂ ಕುಶಲತೆಯೂ ಬೆಳೆದಿದೆ. ಯೋಗಾಭ್ಯಾಸಕ್ಕೆ ಹಾಸುವ ಹಗುರ ಸ್ಪಂಜಿನ ಹಾಳೆಯನ್ನು ಬಿಸಿ ಮಾಡಿ ಬಾಗಿಸಿ ಉಕ್ಕಿನ ಕವಚದಂತೆ ತೋರಿಸುವ ಹುಡುಗ ಹುಡುಗಿಯರು ನಮ್ಮಲ್ಲಿದ್ದಾರೆ. ಅವರ ಪಕ್ಕದಲ್ಲೇ ಅಂತರ್ಜಾಲದಲ್ಲಿ ತರಿಸಿದ ಸಿದ್ಧ ಉಡುಪಿನವರೂ ನಿಂತಿರುತ್ತಾರೆ. ಕೊಂಡು ತೊಟ್ಟವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಎಲ್ಲರಿಗೂ ಬಿಡುವಿರುವುದಿಲ್ಲ, ಕೆಲವರಿಗೆ ನಟನೆಯೇ ಮುಖ್ಯವಿರಬಹುದು. ಮೂರು ಆಯಾಮದ ಮುದ್ರಣಯಂತ್ರ ಬಳಸಿದರೆ ಅದು ಕೈಕೆಲಸವಲ್ಲ ಎಂಬ ಹಟವೂ ನನಗಿಲ್ಲ. ಹೊಲಿಗೆ ಯಂತ್ರ ಬಂದಾಗಲೂ ಹೀಗೆಯೇ ಹೇಳಿದವರಿದ್ದರು. ಆದರೆ ಕೊಂಡದ್ದಕ್ಕೂ ಮಾಡಿದ್ದಕ್ಕೂ ಒಂದೇ ಚಪ್ಪಾಳೆ, ಒಂದೇ ಬಹುಮಾನ ಎಂದಾದರೆ ಮಾಡುವವರು ಯಾಕೆ ಮಾಡುತ್ತಾರೆ? ಕೆಟ್ಟ ನಾ‌ಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆಂಬ ಗ್ರೆಶಮ್‌ನ ನಿಯಮ ಇಂಥ ಕಡೆಯೂ ಕೆಲಸ ಮಾಡುತ್ತದೆ.

ಕರ್ನಾಟಕ ಸರ್ಕಾರ ಅನಿಮೇಷನ್, ದೃಶ್ಯಪರಿಣಾಮ, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಗಳಿಗೆ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿತು. 2024ರಿಂದ 2029ರ ಅವಧಿಗೆ ಮೂರನೆಯ ನೀತಿ ಬಂದಿದೆ. ಉದ್ಯೋಗ, ಹೂಡಿಕೆ, ರಫ್ತು ಇವುಗಳ ದೃಷ್ಟಿಯಿಂದ ಇದು ಸ್ವಾಗತಾರ್ಹವೇ. ಆದರೆ ತೆರೆಯ ಮೇಲಿನ ದೈತ್ಯನನ್ನು ಕಲ್ಪಿಸಬಲ್ಲ ಬುದ್ಧಿ ಗಣಕಯಂತ್ರದ ಮುಂದೆ ಮಾತ್ರ ಹುಟ್ಟುವುದಿಲ್ಲ. ಹ್ಯಾರಿಹೌಸನ್ ಕಪ್ಪೆಮುಖದ ಮುಖವಾಡ ಮಾಡಿದ್ದು ಯಾವ ಪ್ರೋತ್ಸಾಹಧನದ ಯೋಜನೆಯಡಿಯಲ್ಲೂ ಅಲ್ಲ. ಚಿತ್ರಕಲೆ, ಹೊಲಿಗೆ, ಕೈಗಾರಿಕೆಯ ಪಾಠಗಳನ್ನು ಅಂಕಪಟ್ಟಿಗೆ ಬಾರದ ವಿಷಯಗಳೆಂದು ಬದಿಗೆ ಸರಿಸಿ, ಮರುಗಳಿಗೆಯಲ್ಲಿ ಸೃಜನಶೀಲ ಉದ್ಯಮದ ರಾಜಧಾನಿಯಾಗುತ್ತೇವೆಂದು ಘೋಷಿಸುವುದರಲ್ಲಿನ ವಿರೋಧಾಭಾಸ ನೀತಿ ರೂಪಿಸುವವರಿಗೆ ಹೊಳೆಯಬೇಕು.

ನೀತಿಗಿಂತ ಸುಲಭವಾಗಿ ಆಗಬಹುದಾದ ಕೆಲಸವೊಂದಿದೆ. ಕಾಮಿಕ್ ಕಾನ್ ಕಾಲಿಡುವ ಮೊದಲಿನಿಂದಲೂ ನಮ್ಮ ಶಾಲೆಗಳಲ್ಲಿ ಛದ್ಮವೇಷ ಸ್ಪರ್ಧೆ ಇದ್ದೇ ಇದೆ. ಕೃಷ್ಣ ಜನ್ಮಾಷ್ಟಮಿಗೋ ರಾಜ್ಯೋತ್ಸವಕ್ಕೋ ಎರಡು ದಿನ ಮುಂಚೆ ಬೆಂಗಳೂರಿನ ಬಾಡಿಗೆ ಉಡುಪಿನ ಅಂಗಡಿಗಳ ಮುಂದೆ ತಂದೆ ತಾಯಂದಿರು ಸರದಿಯಲ್ಲಿ ನಿಂತಿರುತ್ತಾರೆ. ಒಂದೇ ಅಳತೆಯ ಓಬವ್ವ, ಒಂದೇ ಅಳತೆಯ ವಿವೇಕಾನಂದ. ಹಿಂದೆ ಹಳೆಯ ರಟ್ಟಿನಿಂದ ಕಿರೀಟ ಕತ್ತರಿಸಿ, ಸಿಗರೇಟು ಪೊಟ್ಟಣದ ಬೆಳ್ಳಿ ಹಾಳೆ ಅಂಟಿಸಿ, ಅಕ್ಕನ ದಾವಣಿಯನ್ನು ಪೀತಾಂಬರವಾಗಿಸುತ್ತಿದ್ದ ಮನೆಗಳಲ್ಲಿ ಈಗ ಸಂಜೆಯೊಳಗೆ ಉಡುಪು ಹಿಂತಿರುಗಿಸಿ ಠೇವಣಿ ವಾಪಸು ಪಡೆಯುವ ಧಾವಂತ. ದುಡಿಯುವ ತಾಯಂದಿರ ಹೆಗಲ ಮೇಲೆ ಇನ್ನೊಂದು ರಾತ್ರಿಯ ಕೆಲಸ ಹೇರಿ ಎನ್ನುತ್ತಿಲ್ಲ. ಎಂಟು ಹತ್ತು ವರ್ಷದ ಮಗು ತಾನೇ ಕತ್ತರಿಸಿ ಅಂಟಿಸಿದ ಸೊಟ್ಟ ಕಿರೀಟಕ್ಕೆ ಸ್ಪರ್ಧೆಯಲ್ಲಿ ಪ್ರತ್ಯೇಕ ಅಂಕವಿರಲಿ ಎಂದಷ್ಟೇ ನನ್ನ ಮನವಿ. ಪ್ರವೇಶಪತ್ರದಲ್ಲಿ ಮಗುವಿನ ಹೆಸರು, ತರಗತಿ, ಪಾತ್ರದ ಹೆಸರುಗಳ ಕೆಳಗೆ ‘ವೇಷ ತಯಾರಿಸಿದವರು’ ಎಂದು ಇನ್ನೊಂದು ಸಾಲು ಸೇರಲಿ. ಅದರ ಎದುರು ಮಗುವಿನದೇ ಹೆಸರು ಬರಬಹುದು, ಅಜ್ಜಿಯದೋ ಬೀದಿ ಕೊನೆಯ ದರ್ಜಿಯದೋ ಬರಬಹುದು, ಬಾಡಿಗೆ ಅಂಗಡಿಯದೂ ಬರಬಹುದು. ಯಾವುದೇ ಬರಲಿ, ಬಹುಮಾನ ವಿತರಣೆಯ ವೇಳೆ ಅದನ್ನೂ ಧ್ವನಿವರ್ಧಕದಲ್ಲಿ ಓದಿ ಹೇಳಬೇಕು.